ಬಡವರ ಆಟದ ಗಣಕ: ಒಂದು ಸಣ್ಣ ಇತಿಹಾಸ

ನವಲಗುಂದದ ಜಮಖಾನೆಗಳನ್ನು ಬಲ್ಲವರಿಗೆ ಅವುಗಳ ಮೇಲಿನ ಪಗಡೆಯ ವಿನ್ಯಾಸವೂ ಪರಿಚಿತವೇ. ನವಿಲುಗಳ ಹಾಗೂ ರೇಖಾಕೃತಿಗಳ ಜೊತೆಗೆ ಪಗಡೆಯ ಮನೆಗಳನ್ನೂ ನಮ್ಮ ನೇಕಾರ ಹೆಣ್ಣುಮಕ್ಕಳು ಎಳೆಗಳನ್ನು ಎಣಿಸಿ ಎಣಿಸಿ ನೇಯುತ್ತಾರೆ. ಹಾಸಿದರೆ ಬಂದವರು ಕೂಡುವ ಜಮಖಾನೆ. ಕವಡೆ ಕೈಗೆ ಬಂದರೆ ಅದೇ ಆಟದ ಮನೆಯೂ ಆಗಬಲ್ಲದು. ಗುಡಿಯ ಕಟ್ಟೆಯ ಕಲ್ಲಿನಲ್ಲಿ ಕೊರೆದ ಹುಲಿಮನೆ, ಪಡಸಾಲೆಯ ನೆಲದ ಮೇಲೆ ಇದ್ದಿಲಿನಿಂದ ಗೀಚಿದ ಚೌಕಾಬಾರಾ, ಕಾಯಿಗಳ ಬದಲು ಹುಣಸೆಬೀಜ ಹಾಗೂ ಬಳೆಚೂರು.... ಬಡವರ ಮನೆಯಲ್ಲಿ ಆಟಕ್ಕೆಂದೇ ಬೇರೆ ವಸ್ತುವನ್ನು ಕೊಳ್ಳುವ ರೂಢಿ ಇರಲಿಲ್ಲ. ಇದ್ದ ವಸ್ತುವಿನಲ್ಲಿಯೇ ಆಟವನ್ನು ಹುಡುಕಿಕೊಳ್ಳಬೇಕಾಗಿತ್ತು.

ಗಣಕಯಂತ್ರದ ಇತಿಹಾಸದಲ್ಲಿಯೂ ಇಂಥದೇ ಒಂದು ಪರಂಪರೆ ಇದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ದೊಡ್ಡ ಸಂಸ್ಥೆಗಳ ದೊಡ್ಡ ಯಂತ್ರಗಳ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ. ಕಡಿಮೆ ಹಣದಲ್ಲಿ, ಚಿಕ್ಕ ಜಾಗದಲ್ಲಿ, ಮಕ್ಕಳು ಆಡಬಹುದಾದಂಥ ಗಣಕವನ್ನು ಕಟ್ಟಿದವರ ಚರಿತ್ರೆ ಅಷ್ಟಾಗಿ ನಮ್ಮ ಭಾಷೆಯಲ್ಲಿ ಬಂದಿಲ್ಲ. ಅದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಈ ಚರಿತ್ರೆಯ ತಿರುಳು ಒಂದೇ ಪ್ರಶ್ನೆಯಲ್ಲಿದೆ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

*

ಈ ಪ್ರಶ್ನೆಯನ್ನು ಮೊದಲಿಗೆ ನಿಷ್ಠುರವಾಗಿ ಕೇಳಿದವನು ಇಂಗ್ಲಂಡಿನ ಕ್ಲೈವ್ ಸಿಂಕ್ಲೇರ್. 1981ರಲ್ಲಿ ಆತನ ಸಂಸ್ಥೆಯು ಝಡ್‌ಎಕ್ಸ್81 ಎನ್ನುವ ಗಣಕವನ್ನು 69.95 ಪೌಂಡುಗಳಿಗೆ ಮಾರಾಟಕ್ಕಿಟ್ಟಿತು. ಬಿಡಿಭಾಗಗಳನ್ನು ಕೊಂಡು ತಾವೇ ಬೆಸುಗೆ ಹಾಕಿಕೊಳ್ಳುವವರಿಗೆ 49.95 ಪೌಂಡು. ಅದರೊಳಗೆ ಇದ್ದವು ಕೇವಲ ನಾಲ್ಕು ಮುಖ್ಯ ಚಿಪ್ಪುಗಳು. ಬಣ್ಣವಿಲ್ಲ, ಧ್ವನಿಯಿಲ್ಲ. ಪರದೆಯೂ ಇಲ್ಲ, ಮನೆಯ ಟಿವಿಯೇ ಪರದೆ. ಡಿಸ್ಕ್ ಇಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರೇ ಅದರ ಉಗ್ರಾಣ!

1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಬಣ್ಣ ಹಾಗೂ ಧ್ವನಿಗಳೆರಡೂ ದೊರೆತವು. ಬಣ್ಣವನ್ನು ಅಗ್ಗದಲ್ಲಿ ತಂದ ಉಪಾಯವು ನಮ್ಮ ಜಮಖಾನೆಯ ನೇಕಾರರೂ ಮೆಚ್ಚುವಂಥದು. ಪರದೆಯ ಮೇಲೆ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕೆಗಳು. ಪ್ರತಿ ಚುಕ್ಕೆಗೂ ಅದರದೇ ಬಣ್ಣವನ್ನು ನೆನಪಿಡಬೇಕೆಂದರೆ 16 ಬಣ್ಣಗಳ ಲೆಕ್ಕದಲ್ಲಿ 24,576 ಬೈಟುಗಳು ಬೇಕು. ಅಗ್ಗದ ಮಾದರಿಯ ಸ್ಮರಣೆಯೇ 16 ಕಿಲೋಬೈಟು! ಆದುದರಿಂದ ಪರದೆಯನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ 768 ಚೌಕಗಳನ್ನಾಗಿ ಒಡೆದು, ಒಂದು ಚೌಕಕ್ಕೆ ಎರಡೇ ಬಣ್ಣಗಳೆಂದು ಕಟ್ಟುಪಾಡು ಮಾಡಿದರು. ಇಡೀ ಪರದೆಯು 6,912 ಬೈಟುಗಳಲ್ಲಿ ಅಡಗಿಕೊಂಡಿತು. ಆಟದ ವೀರನು ಮರವೊಂದರ ಮುಂದೆ ಹಾಯ್ದಾಗ ಅವನ ಮೈಬಣ್ಣ ಮರಕ್ಕೂ, ಮರದ ಬಣ್ಣ ಅವನಿಗೂ ಮೆತ್ತಿಕೊಳ್ಳುತ್ತಿತ್ತು. ಮಕ್ಕಳೇನೂ ದೂರಲಿಲ್ಲ. ಅವರಿಗೆ ಓಡುವ ವೀರ ಬೇಕಾಗಿದ್ದ. ಮೈಬಣ್ಣದ ಶುದ್ಧಿ ಬೇಕಾಗಿರಲಿಲ್ಲ.

ಈ ಗಣಕದ ಭಾರತೀಯ ಅವತಾರವೊಂದು ‘ಡಿಬಿ ಸ್ಪೆಕ್ಟ್ರಮ್’ ಎನ್ನುವ ಹೆಸರಿನಲ್ಲಿ ಎಂಬತ್ತರ ದಶಕದಲ್ಲಿ ಬಂದಿತು. ಅದೇ ಕಾಲದಲ್ಲಿ, 1984ರಲ್ಲಿ, ಕೇಂದ್ರ ಸರಕಾರವು ‘ಕ್ಲಾಸ್’ ಎನ್ನುವ ಯೋಜನೆಯನ್ನು ಕೈಗೊಂಡು ಆಯ್ದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎನ್ನುವ ಗಣಕಗಳನ್ನು ಕೊಟ್ಟಿತು. ನಮ್ಮಂಥ ಹಳ್ಳಿಯ ಮಾಸ್ತರರು ಅದರ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿ ತೃಪ್ತರಾಗಬೇಕಾಯಿತು. ಆದರೆ ಆ ಬಿಬಿಸಿ ಮೈಕ್ರೋವನ್ನು ಇಲ್ಲಿ ನೆನಪಿಟ್ಟುಕೊಳ್ಳಿರಿ. ಅದನ್ನು ತಯಾರಿಸಿದ ಏಕಾರ್ನ್ ಎನ್ನುವ ಪುಟ್ಟ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಹಾಗೂ ಸ್ಟೀವ್ ಫರ್ಬರ್ ಎನ್ನುವ ಇಬ್ಬರು ಸರಳವಾದ, ಕಡಿಮೆ ವಿದ್ಯುತ್ತನ್ನು ಬೇಡುವ ಹೊಸ ಚಿಪ್ಪೊಂದನ್ನು ರೂಪಿಸಿದರು. 1985ರ ಏಪ್ರಿಲ್‌ನಲ್ಲಿ ಅದು ಮೊದಲ ಸಲ ಕೆಲಸ ಮಾಡಿತು. ಅದರ ಹೆಸರು ಆರ್ಮ್. ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲು ಈ ಆರ್ಮ್ ವಂಶದ್ದೇ. ಈ ಕಥೆಯಲ್ಲಿ ಆ ವಂಶವು ಮತ್ತೆ ಎರಡು ಸಲ ಬರಲಿದೆ.

*

ತೊಂಬತ್ತರ ದಶಕದಲ್ಲಿ ನಮ್ಮ ಭಾಗಕ್ಕೆ ಬಂದದ್ದು ‘ಟಿವಿ ಗೇಮ್’. 1983ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯು ‘ಫ್ಯಾಮಿಲಿ ಕಂಪ್ಯೂಟರ್’ ಎನ್ನುವ ಆಟದ ಯಂತ್ರವನ್ನು ಹೊರತಂದಿತ್ತು. ಅದರ ಅಗ್ಗದ ನಕಲುಗಳು ಹುಬ್ಬಳ್ಳಿಯ ಅಂಗಡಿಗಳನ್ನು ತುಂಬಿದವು. ಆಟದ ಕಾರ್ಟ್ರಿಜ್ಜಿಗೆ ನಮ್ಮ ಮಕ್ಕಳೆಲ್ಲ ‘ಕ್ಯಾಸೆಟ್ಟು’ ಎಂದೇ ಕರೆದರು. ಒಂದು ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತು. ಒಳಗೆ ನೋಡಿದರೆ ಅವೇ ಹತ್ತಾರು ಆಟಗಳು, ಬೇರೆ ಬೇರೆ ಹೆಸರಿನಲ್ಲಿ!

ಅಗ್ಗವಾಗಿತ್ತು, ಚಿಕ್ಕದಾಗಿತ್ತು, ನಿಜ. ಆದರೆ ಸಿಂಕ್ಲೇರನು ಬಿಡದೆ ಉಳಿಸಿಕೊಂಡ ಒಂದು ವಸ್ತುವು ಇಲ್ಲಿ ಕೈಬಿಟ್ಟು ಹೋಗಿತ್ತು. ಸ್ಪೆಕ್ಟ್ರಮ್ ಯಂತ್ರವನ್ನು ಚಾಲೂ ಮಾಡಿದೊಡನೆ ಅದು ‘ನನಗೇನು ಹೇಳುತ್ತೀ?’ ಎಂದು ಕಾಯುತ್ತಿತ್ತು. ಹುಡುಗನು ಬೇಸಿಕ್ ಭಾಷೆಯಲ್ಲಿ ತನ್ನದೇ ಆಟವನ್ನು ಬರೆಯಬಹುದಾಗಿತ್ತು. ಟಿವಿ ಗೇಮ್ ಹಾಗೆ ಕಾಯುವುದಿಲ್ಲ. ಆಡುವವನು ಅದರೊಳಗೆ ಆಡುವವನಾಗಿಯೇ ಉಳಿಯುತ್ತಾನೆ. ಕೆಲವು ನಕಲುಗಳಿಗೆ ಕೀಲಿಮಣೆ ಇತ್ತೆನ್ನುವುದು ನಿಜ. ಬರೆದದ್ದನ್ನು ಉಳಿಸಿಕೊಳ್ಳುವ ಅನುಕೂಲತೆ ಇರದಿದ್ದರೆ ಆ ಕೀಲಿಮಣೆಯಿಂದ ಏನು ಫಲ?

*

ಮೂರನೆಯ ಅಧ್ಯಾಯ ‘ಅಸೆಂಬಲ್ಡ್ ಕಂಪ್ಯೂಟರ್’. ಐಬಿಎಂ ಸಂಸ್ಥೆಯು 1981ರಲ್ಲಿ ಹೊರತಂದ ಪಿಸಿಯನ್ನು ಬಿಡಿಭಾಗಗಳನ್ನು ಕೂಡಿಸಿ ಯಾರು ಬೇಕಾದರೂ ಕಟ್ಟಬಹುದೆಂದು ಕೆಲವೇ ವರ್ಷಗಳಲ್ಲಿ ಜಗತ್ತಿಗೆ ಗೊತ್ತಾಯಿತು. 1997ರಲ್ಲಿ ಭಾರತವು ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಗಣಕಗಳ ಹಾಗೂ ಬಿಡಿಭಾಗಗಳ ಮೇಲಿನ ಆಮದು ಸುಂಕವು ವರ್ಷ ವರ್ಷವೂ ಇಳಿಯತೊಡಗಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಿಂದ ಮದರ್‌ಬೋರ್ಡುಗಳು ರಟ್ಟಿನ ಡಬ್ಬಿಗಳಲ್ಲಿ ರಾತ್ರಿ ಬಸ್ಸನ್ನೇರಿ ಜಿಲ್ಲಾ ಪಟ್ಟಣಗಳನ್ನು ತಲುಪಿದವು. ಅಲ್ಲಿ ಸ್ಕ್ರೂಡ್ರೈವರ್ ಹಿಡಿದ ತರುಣರು ಅವುಗಳಿಗೆ ರೂಪ ಕೊಟ್ಟರು. ಇಲ್ಲಿ ಬಿಟ್ಟದ್ದು ಕಂಪನಿಯ ಹೆಸರನ್ನು.

ಆ ಕಾಲದ ಒಂದು ಪ್ರಸಂಗವು ನನ್ನ ವಾದಕ್ಕೆ ಒಳ್ಳೆಯ ಉದಾಹರಣೆ. 1998ರ ಏಪ್ರಿಲ್‌ನಲ್ಲಿ ಇಂಟೆಲ್ ಸಂಸ್ಥೆಯು ಅಗ್ಗದ ಗಣಕಗಳಿಗಾಗಿ ಸೆಲೆರಾನ್ ಎನ್ನುವ ಪ್ರೊಸೆಸರನ್ನು ತಂದಿತು. ಬೆಲೆ ಇಳಿಸಲೆಂದು ಅದರ ಎರಡನೆಯ ಹಂತದ ಕ್ಯಾಶ್ ಸ್ಮರಣೆಯನ್ನು ಸಂಪೂರ್ಣವಾಗಿ ತೆಗೆದುಹಾಕಿದ್ದರು. ಕ್ಯಾಶ್ ಎಂದರೆ ಅಡುಗೆಮನೆಯ ಸಾಸಿವೆ-ಜೀರಿಗೆ ಡಬ್ಬಿ ಇದ್ದಂತೆ. ಅದು ಕೈಯಳತೆಯಲ್ಲಿ ಇರದಿದ್ದರೆ ಒಗ್ಗರಣೆಗೊಮ್ಮೆ ಕಿರಾಣಿ ಅಂಗಡಿಗೆ ಓಡಬೇಕು. ಆ ಸೆಲೆರಾನ್ ದಿನನಿತ್ಯದ ಕೆಲಸಗಳಲ್ಲಿ ಮುಗ್ಗರಿಸಿ ಟೀಕೆಗೆ ಗುರಿಯಾಯಿತು. ನಾಲ್ಕೇ ತಿಂಗಳಲ್ಲಿ, ಅಂದರೆ ಆಗಸ್ಟ್‌ನಲ್ಲಿ, ಅದೇ ಸಂಸ್ಥೆಯು ಸೆಲೆರಾನ್ 300ಎ ಎನ್ನುವ ಮಾದರಿಯನ್ನು ಹೊರತಂದಿತು. ಅದರಲ್ಲಿ 128 ಕಿಲೋಬೈಟುಗಳ ಚಿಕ್ಕ ಕ್ಯಾಶ್ ಇತ್ತು. ಆದರೆ ಅದು ಪ್ರೊಸೆಸರಿನ ಒಳಗೇ ಕುಳಿತು ಪೂರ್ಣ ವೇಗದಲ್ಲಿ ದುಡಿಯುತ್ತಿತ್ತು. 300 ಮೆಗಾಹರ್ಟ್ಸ್‌ನ ಈ ಪ್ರೊಸೆಸರನ್ನು ಆಟಪ್ರಿಯರು 450ಕ್ಕೆ ಏರಿಸಿ ಓಡಿಸಿದರು. ಹಲವು ಪಟ್ಟು ಬೆಲೆಯ ಪೆಂಟಿಯಮ್ 2ರ ಪಕ್ಕದಲ್ಲಿ ಅದು ನಿಂತಿತು! ಗಿಡದ ಟೊಂಗೆಯನ್ನು ಕಡಿದರೆ ಚಿಗುರೀತು; ತಾಯಿಬೇರನ್ನು ಕಡಿದರೆ ಉಳಿಯುವುದು ಕಟ್ಟಿಗೆ.

2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದವು. ತಾಲೂಕು ಸ್ಥಳಗಳಲ್ಲಿ ಖಾಸಗಿ ತರಬೇತಿ ಕೇಂದ್ರಗಳೂ ತೆರೆದವು. ಅಲ್ಲಿ ಹುಡುಗರು ಮೊದಲಿಗೆ ಕಲಿತದ್ದು ಏನು? ಪಠ್ಯದಲ್ಲಿದ್ದ ಡಾಸ್ ಆಜ್ಞೆಗಳನ್ನಲ್ಲ! ‘ಡೇವ್’ ಮತ್ತು ‘ಪ್ರಿನ್ಸ್ ಆಫ್ ಪರ್ಶಿಯಾ’ ಎನ್ನುವ ಆಟಗಳು ಯಾವ ಫೋಲ್ಡರಿನಲ್ಲಿ ಅಡಗಿವೆ, ಅಲ್ಲಿಗೆ ಹೋಗುವುದು ಹೇಗೆ, ಬೋಧಕರು ಅಳಿಸಿದರೆ ಫ್ಲಾಪಿಯಿಂದ ಮರಳಿ ತರುವುದು ಹೇಗೆ ಎನ್ನುವುದನ್ನು. ಆದರೆ ನೋಡಿರಿ, ಫೋಲ್ಡರು, ಕಡತ, ನಕಲು, ಸ್ಥಾಪನೆ ಎನ್ನುವ ಇಡೀ ಪಾಠ ಅದರಲ್ಲಿ ಮುಗಿದೇ ಹೋಗಿತ್ತು.

*

ಇದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿಯೇ ಅಗ್ಗದ ಪುಟ್ಟ ಗಣಕವನ್ನು ಕಟ್ಟುವ ಮಹಾ ಪ್ರಯತ್ನವೊಂದು ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ, ರಮೇಶ ಹರಿಹರನ್, ವಿ. ವಿನಯ ಹಾಗೂ ಎನ್‌ಕೋರ್ ಸಂಸ್ಥೆಯ ವಿನಯ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಸ್ಥಾಪಿಸಿದರು. ಅಂಗೈಯಲ್ಲಿ ಹಿಡಿಯುವ ಗಣಕ. ಸುಮಾರು 9,000 ರೂಪಾಯಿಗಳ ಗುರಿ. ಕೀಲಿಮಣೆಯನ್ನು ಬಿಟ್ಟರು, ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಸಾಕು. ದುಬಾರಿ ತಂತ್ರಾಂಶವನ್ನು ಬಿಟ್ಟರು. ಉಚಿತ ಲಿನಕ್ಸ್ ಬಂದಿತು. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಎನ್ನುವ ವಿಚಾರವನ್ನೂ ಬಿಟ್ಟರು. ಊರಿಗೊಂದು ಯಂತ್ರ, ಪ್ರತಿಯೊಬ್ಬನ ಕೈಯಲ್ಲಿ ಒಂದು ಸ್ಮಾರ್ಟ್ ಕಾರ್ಡು! ಅದರೊಳಗಿದ್ದ ಪ್ರೊಸೆಸರ್ ಸ್ಟ್ರಾಂಗ್‌ಆರ್ಮ್. ನಾನು ನೆನಪಿಡಲು ಹೇಳಿದ ಬಿಬಿಸಿ ಮೈಕ್ರೋದ ವಂಶಜ.

2004ರಲ್ಲಿ ‘ಅಮಿಡಾ’ ಎನ್ನುವ ಸಿಂಪ್ಯೂಟರು ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗಿ ಪೇಟೆಗೆ ಬಂದಿತು. ಅದರೊಳಗೆ ಚಲನೆಯನ್ನು ಗುರುತಿಸುವ ಸಂವೇದಕ ಇತ್ತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಯಂತ್ರಕ್ಕೆ ತಿಳಿಯುತ್ತಿತ್ತು. ಐಫೋನ್ ಬಂದದ್ದು ಇದಾದ ಮೂರು ವರ್ಷಗಳ ನಂತರ, 2007ರಲ್ಲಿ. ಇಷ್ಟಾದರೂ ಸಿಂಪ್ಯೂಟರು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮೊಬೈಲು ಫೋನುಗಳು ಅಗ್ಗವಾದದ್ದು ಇದಕ್ಕೆ ಮುಖ್ಯ ಕಾರಣವೆನ್ನುತ್ತಾರೆ. ಅದನ್ನು ಒಪ್ಪುತ್ತೇನೆ. ಆದರೆ ಮಾಸ್ತರನಾಗಿ ನನಗೆ ಮತ್ತೊಂದು ಸಂಗತಿಯೂ ಕಾಣುತ್ತದೆ. ಸಿಂಪ್ಯೂಟರಿನ ಬಗೆಗೆ ನಡೆದ ಮಾತುಗಳೆಲ್ಲ ಭೂದಾಖಲೆ, ಪೇಟೆ ಧಾರಣಿ, ಸಾಲದ ಲೆಕ್ಕ ಇವುಗಳ ಸುತ್ತಲೇ ಸುತ್ತಿದವು. ಹಳ್ಳಿಯ ಮನುಷ್ಯನಿಗೆ ಉಪಯೋಗ ಬೇಕು ಎಂದು ಎಲ್ಲರೂ ಹೇಳಿದರು. ಹಳ್ಳಿಯ ಹುಡುಗನಿಗೆ ಆಟವೂ ಬೇಕು ಎಂದು ಹೇಳಿದವರು ಕಡಿಮೆ.

ಈ ಮಾತನ್ನು ಬೇರೊಂದು ದೇಶದಲ್ಲಿ ಒಬ್ಬರು ಹೇಳಿದರು. ಕೇಂಬ್ರಿಜ್‌ನ ಎಬೆನ್ ಅಪ್ಟನ್ ಮತ್ತು ಗೆಳೆಯರು ಒಂದು ಸಂಗತಿಯನ್ನು ಗಮನಿಸಿದ್ದರು. ಗಣಕ ವಿಜ್ಞಾನವನ್ನು ಓದಲು ಬರುವ ವಿದ್ಯಾರ್ಥಿಗಳಲ್ಲಿ ಮನೆಯಲ್ಲಿಯೇ ಪ್ರೋಗ್ರಾಮ್ ಬರೆದು ಕಲಿತು ಬಂದವರು ಕಡಿಮೆಯಾಗುತ್ತಿದ್ದರು. ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೋಗಳ ಸ್ಥಾನವನ್ನು ಟಿವಿ ಗೇಮುಗಳು ಆಕ್ರಮಿಸಿದ್ದೇ ಇದಕ್ಕೆ ಕಾರಣವೆಂದು ಅವರ ನಂಬಿಕೆ. 2012ರ ಫೆಬ್ರುವರಿ 29ರಂದು ಅವರು ಎಟಿಎಂ ಕಾರ್ಡಿನಷ್ಟು ಚಿಕ್ಕದಾದ ‘ರಾಸ್ಪ್‌ಬೆರಿ ಪೈ’ಯನ್ನು 35 ಡಾಲರುಗಳಿಗೆ ಹೊರತಂದರು. ಪೆಟ್ಟಿಗೆ ಇಲ್ಲ, ಕೀಲಿಮಣೆ ಇಲ್ಲ, ಪರದೆಗೆ ಮತ್ತೆ ಮನೆಯ ಟಿವಿ! ಪ್ರೊಸೆಸರು ಮತ್ತೆ ಅದೇ ಆರ್ಮ್ ವಂಶದ್ದು.

*

ಇನ್ನು ಇತ್ತೀಚಿನ ಅಧ್ಯಾಯ. 2001ರಲ್ಲಿ ತೈವಾನಿನ ವಿಐಎ ಸಂಸ್ಥೆಯು ಮಿನಿ-ಐಟಿಎಕ್ಸ್ ಎನ್ನುವ 17 ಸೆಂಟಿಮೀಟರ್ ಚೌಕದ ಮದರ್‌ಬೋರ್ಡನ್ನು ರೂಪಿಸಿತು. ಚಿಕ್ಕ ಆಟದ ಗಣಕಗಳಿಗೆ ಅದು ಅಡಿಪಾಯವಾಯಿತು. ಆದರೆ ಗ್ರಾಫಿಕ್ಸ್ ಕಾರ್ಡಿನ ಬೆಲೆ ಮಾತ್ರ ಬಡವನ ಎದೆಯ ಮೇಲಿನ ಕಲ್ಲಾಗಿಯೇ ಉಳಿದಿತ್ತು. 2018ರ ಫೆಬ್ರುವರಿಯಲ್ಲಿ ಎಎಂಡಿ ಸಂಸ್ಥೆಯು ರೈಝನ್ 3 2200ಜಿ ಎನ್ನುವ ಪ್ರೊಸೆಸರನ್ನು 99 ಡಾಲರುಗಳಿಗೆ ತಂದಿತು. ಸಾಧಾರಣ ಮಟ್ಟದಲ್ಲಿ ಆಟವಾಡಲು ಸಾಲುವಷ್ಟು ಗ್ರಾಫಿಕ್ಸ್ ಶಕ್ತಿಯು ಅದರ ಹೊಟ್ಟೆಯಲ್ಲಿಯೇ ಇದ್ದಿತು. ಅಂದರೆ, ಕಾರ್ಡನ್ನೇ ಬಿಡಬಹುದು!

2019ರ ಬೇಸಿಗೆಯಲ್ಲಿ ಅಣ್ಣಿಗೇರಿಯ ಹತ್ತಿರದ ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಕರೆದುಕೊಂಡು ಬಂದ. ಹಿಂಗಾರು ಕೈಕೊಟ್ಟ ವರ್ಷ. ಬಂದಷ್ಟು ಕಡಲೆ ಮಾರಿ, ಸಾಲ ತೀರಿಸಿ, ಕೈಯಲ್ಲಿ ಇಪ್ಪತ್ತೈದು ಸಾವಿರ ಉಳಿಸಿಕೊಂಡಿದ್ದ. ಮಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದ.

“ಸರ್, ಇಂವ ಆಟದ ಕಂಪ್ಯೂಟರ್ ಕಟ್ಟತೀನಿ ಅಂತಾನ್ರಿ. ಇಷ್ಟ ರೊಕ್ಕಾ ಆಟಕ್ಕ ಹಾಕೂದ ಏನ್ರಿ? ನೀವ ಹೇಳ್ರಿ. ನೀವ ಬ್ಯಾಡ ಅಂದ್ರ ಮುಗೀತು.”

ಮಾತಿನ ಭಾರ ಯಾರಿಗಾದರೂ ತಿಳಿಯುವಂಥದು. ಆ ಹಣ ಮುಂದಿನ ಬಿತ್ತನೆಯ ಬೀಜ-ಗೊಬ್ಬರದ ಹಣವೂ ಹೌದು. ಹುಡುಗನು ಒಂದು ಹಾಳೆಯನ್ನು ಮುಂದಿಟ್ಟ. ನಾನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದೆ: “ಇದನ್ನ ಬಿಟ್ರ ಏನಾಗತದಪಾ?”

ಗಾಜಿನ ಬದಿಯ, ಬಣ್ಣದ ದೀಪಗಳ ಕ್ಯಾಬಿನೆಟ್ಟು? “ಏನೂ ಆಗೂದಿಲ್ರಿ ಸರ್.” ಹೋಯಿತು. ಮಿನಿ-ಐಟಿಎಕ್ಸ್ ಬೋರ್ಡು? ಇಲ್ಲಿ ಅವನು ತಡವರಿಸಿದ. ಚಿಕ್ಕದು ಬೇಕೆನ್ನುವುದಕ್ಕೆ ಅವನಲ್ಲಿ ಕಾರಣಗಳಿದ್ದವು: ಮನೆಯಲ್ಲಿ ಇಡುವ ಜಾಗವೆಂದರೆ ಗೋಡೆಯ ಮಾಡವೊಂದೇ, ಕೆಟ್ಟರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಒಯ್ಯಬೇಕು. ಆದರೆ ಚಿಕ್ಕದಾದ ಮಾತ್ರಕ್ಕೆ ವಸ್ತು ಅಗ್ಗವಾಗುವುದಿಲ್ಲ. ಮಿನಿ-ಐಟಿಎಕ್ಸ್ ಬೋರ್ಡುಗಳು ಕಡಿಮೆ ಸಂಖ್ಯೆಯಲ್ಲಿ ತಯಾರಾಗುವುದರಿಂದ ಅವುಗಳ ಬೆಲೆಯೇ ಹೆಚ್ಚು. ಅದಕ್ಕಿಂತ ಸ್ವಲ್ಪ ದೊಡ್ಡದಾದ, 24.4 ಸೆಂಟಿಮೀಟರಿನ ಮೈಕ್ರೋ-ಎಟಿಎಕ್ಸ್ ಬೋರ್ಡು ಅಗ್ಗವಾಗಿ ಸಿಗುತ್ತಿತ್ತು. ಮಾಡದ ಅಳತೆಯನ್ನು ತಂದೆಯೇ ಗೇಣಿನ ಲೆಕ್ಕದಲ್ಲಿ ಹೇಳಿದ. ಸಾಲುತ್ತಿತ್ತು.

ಮಾನಿಟರು? ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇತ್ತು. ಸಿಂಕ್ಲೇರನ ಉಪಾಯವು ಮೂವತ್ತೆಂಟು ವರ್ಷಗಳ ನಂತರ ನಮ್ಮ ಎರೆ ಭೂಮಿಯಲ್ಲಿ ಕೆಲಸಕ್ಕೆ ಬಂದಿತು!

8 ಜಿಬಿಯ ರ‍್ಯಾಮ್ ಒಂದು ಎಂದು ಬರೆದಲ್ಲಿ ಮಾತ್ರ ಹುಡುಗನೇ ಗೀಟು ಹಾಕಿ, 4 ಜಿಬಿಯವು ಎರಡು ಎಂದು ತಿದ್ದಿದ. ತಂದೆ ಹುಬ್ಬೇರಿಸಿದಾಗ ಅವನು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. “ಅಪ್ಪಾ, ಕೂರಿಗಿಗೆ ಒಂದ ಎತ್ತ ಹೂಡತೀ ಏನು? ಅದ ಎಷ್ಟ ಗಟ್ಟಿ ಇದ್ರೂ ಜೋಡಿ ಆಗೂದಿಲ್ಲ.” ಇದು ಬರಿಯ ಉಪಮೆಯಾಗಿರಲಿಲ್ಲ. ಹೊಟ್ಟೆಯಲ್ಲಿಯೇ ಗ್ರಾಫಿಕ್ಸ್ ಇರುವ ಪ್ರೊಸೆಸರಿಗೆ ಸ್ವಂತ ಸ್ಮರಣೆಯಿಲ್ಲ. ಚಿತ್ರಗಳಿಗೂ ಅದು ಸಾಮಾನ್ಯ ರ‍್ಯಾಮನ್ನೇ ಬಳಸುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಗಿಗಾಬೈಟು ಹರಿಯಬಲ್ಲದು, ಜೋಡಿಯಿದ್ದರೆ 51.2. ಒಂದೇ ದುಡ್ಡು, ಎರಡು ಪಟ್ಟು ಹರಿವು.

ಕೊನೆಗೆ ಉಳಿದದ್ದು ಎಸ್‌ಎಂಪಿಎಸ್ ಹಾಗೂ ಯುಪಿಎಸ್. ಇವೆರಡೂ ಪರದೆಯ ಮೇಲೆ ಕಾಣುವ ವಸ್ತುಗಳಲ್ಲ. ಆದುದರಿಂದಲೇ ಅಗ್ಗದ್ದನ್ನು ಹಾಕಿಬಿಡುವ ಮನಸ್ಸಾಗುತ್ತದೆ. ಹಳ್ಳಿಯ ವಿದ್ಯುತ್ತಿನ ಏರಿಳಿತವನ್ನು ಬಲ್ಲ ತಂದೆ ತಾನಾಗಿಯೇ ಹೇಳಿದ: “ಇದರಾಗ ಮಾತ್ರ ಕಂಜೂಷತನ ಬ್ಯಾಡ. ಪಂಪಸೆಟ್ಟಿನ ಮೋಟಾರ ಎರಡ ಸಲ ಸುಟ್ಟಾವ ನಂದು.” 65 ವಾಟಿನ ಪ್ರೊಸೆಸರು, ಕಾರ್ಡಿಲ್ಲದ ಗಣಕ, ಚಿಕ್ಕ ಯುಪಿಎಸ್ ಕೂಡ ಅದನ್ನು ಕೆಲವು ನಿಮಿಷ ಹೊತ್ತು ನಿಲ್ಲಬಲ್ಲದು. ಇಪ್ಪತ್ತೈದು ಸಾವಿರದೊಳಗೆ ಲೆಕ್ಕ ಕೂಡಿತು. ಹುಡುಗನು ಗಣಕವನ್ನು ತಾನೇ ಜೋಡಿಸಿದ. ಎರೆಮಣ್ಣಿನ ಧೂಳಿಗೆ ಅವನು ಕಂಡುಕೊಂಡ ಮದ್ದು, ಕ್ಯಾಬಿನೆಟ್ಟಿನ ಗಾಳಿಕಿಂಡಿಗೆ ಹಳೆಯ ಸೊಳ್ಳೆಪರದೆಯ ತುಂಡು.

ಒಂದು ವರ್ಷ ಅವನು ಮನಸಾರೆ ಆಡಿದ. ನಡುನಡುವೆ ಗೋಡೋ ಎನ್ನುವ ಉಚಿತ ತಂತ್ರಾಂಶದಲ್ಲಿ ಚೌಕಾಬಾರಾ ಆಟವನ್ನು ಬರೆಯತೊಡಗಿದ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆ-ಕಾಲೇಜುಗಳು ಮುಚ್ಚಿದವು. ಆ ‘ಆಟದ ಡಬ್ಬಿ’ಯ ಮುಂದೆ ಅವನ ತಂಗಿ ಪಾಠ ಕೇಳಿದಳು, ಸಂಜೆ ಓಣಿಯ ಮೂರು ನಾಲ್ಕು ಮಕ್ಕಳೂ ಬಂದು ಕೂತರು. ಸಂಪರ್ಕವೆಂದರೆ ಮೊಬೈಲಿನ ಹಾಟ್‌ಸ್ಪಾಟು. ಅರ್ಧ ಪಾಠ ಕೇಳಿಸುತ್ತಿತ್ತು, ಅರ್ಧ ಗಾಳಿಗೆ ಹೋಗುತ್ತಿತ್ತು. ಬಿತ್ತನೆಯ ಹಣವನ್ನು ತಂದೆ ಕೈಗಡ ತಂದ ಸಂಗತಿ ನನಗೆ ಆ ಮೇಲೆ ತಿಳಿಯಿತು. ಆತ ಅದನ್ನು ಎರಡು ಸುಗ್ಗಿಗಳಲ್ಲಿ ತೀರಿಸಿದ.

*

ಇಂದು ಇಂಥದೇ ಯೋಚನೆಯಲ್ಲಿರುವ ತಾಯಿ-ತಂದೆಗಳಿಗೆ ಇತಿಹಾಸವು ಹೇಳುವುದೇನು? ಬೆಲೆಗಳು ಇಳಿಯುತ್ತಲೇ ಹೋಗುತ್ತವೆ ಎನ್ನುವ ನಂಬಿಕೆ ಬೇಡ. 2020ರಿಂದ 2022ರವರೆಗೆ ಚಿಪ್ಪುಗಳ ಕೊರತೆಯಿಂದಲೂ, ಕ್ರಿಪ್ಟೋ ನಾಣ್ಯಗಳ ಗಣಿಗಾರರಿಂದಲೂ ಗ್ರಾಫಿಕ್ಸ್ ಕಾರ್ಡುಗಳು ಕೈಗೆಟುಕದಾದವು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ ರ‍್ಯಾಮ್ ಬೆಲೆ ಏರಿತು. ನಮ್ಮ ಉಳ್ಳಾಗಡ್ಡಿ ಧಾರಣಿಯಂತೆಯೇ ಇದೂ ಒಂದು ಪೇಟೆ.

ಹೊಸದನ್ನು ಕಟ್ಟಲು ಹಣ ಸಾಲದಿದ್ದರೆ ಕಚೇರಿಗಳು ಮಾರಿದ ಹಳೆಯ ಪುಟ್ಟ ಗಣಕಗಳನ್ನು ನೋಡಬಹುದು. ಲೆನೊವೊ, ಡೆಲ್, ಎಚ್‌ಪಿ ಸಂಸ್ಥೆಗಳ ಪುಸ್ತಕದ ಗಾತ್ರದ ಗಣಕಗಳು ಮರುಮಾರಾಟಕ್ಕೆ ಸಿಗುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಆದುದರಿಂದ ಕೊಳ್ಳುವ ಮೊದಲು ಪೀಳಿಗೆಯನ್ನು ಕೇಳಿರಿ. ಅದಕ್ಕೂ ಹಳೆಯದಾದರೆ ಲಿನಕ್ಸ್ ಹಾಕಿಕೊಳ್ಳಬಹುದು. 2018ರಲ್ಲಿ ಬಂದ ಪ್ರೋಟಾನ್ ಎನ್ನುವ ತಂತ್ರಾಂಶದಿಂದ ವಿಂಡೋಸ್‌ನ ಅನೇಕ ಆಟಗಳು ಅದರಲ್ಲಿಯೂ ಓಡುತ್ತವೆ.

ಹುಡುಗ ಅಥವಾ ಹುಡುಗಿ ಹಾಳೆಯೊಂದನ್ನು ತಂದು ಮುಂದಿಟ್ಟಾಗ, ‘ಆಟಕ್ಕೇಕೆ ದುಡ್ಡು?’ ಎಂದು ಹಾಳೆಯನ್ನು ಮಡಚಿ ಇಡಬೇಡಿರಿ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇದನ್ನು ಬಿಟ್ಟರೆ ಏನಾಗುತ್ತದೆಂದು ಕೇಳಿರಿ. ಉತ್ತರ ಹೇಳಲು ಅವರು ಓದಬೇಕಾಗುತ್ತದೆ, ಕೂಡಿಸಿ ಕಳೆಯಬೇಕಾಗುತ್ತದೆ. ಅಣ್ಣಿಗೇರಿಯ ಕಡೆಯ ಆ ಹುಡುಗನ ಚೌಕಾಬಾರಾ ಈಗ ಅವನ ಓಣಿಯ ಮಕ್ಕಳ ಮೊಬೈಲುಗಳಲ್ಲಿದೆ. ಕವಡೆ ಬೀಳುವ ಸಪ್ಪಳ ಇನ್ನೂ ಸರಿಯಾಗಿ ಕೂಡಿಲ್ಲವೆಂದು ಕಳೆದ ಸಲ ಸಿಕ್ಕಾಗ ಹೇಳುತ್ತಿದ್ದ.